ಟ್ರಂಕಿನಲ್ಲಿಟ್ಟ ಆಂಡರ್ಸನ್ ಕಣಿವೆಯ ವೈನು

2001ರ ಆಗಸ್ಟ್ ತಿಂಗಳ ಒಂದು ಶನಿವಾರ ಸಂಜೆ, ಪ್ಲೆಸೆಂಟನ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಹಾಸನ ಕಡೆಯ ಮ್ಯಾನೇಜರೊಬ್ಬರು ಊಟಕ್ಕೆ ಬಂದರು. ನನ್ನ ಗಂಡನ ಡಾಟ್‌ಕಾಮ್ ಕಂಪನಿ ಜೂನ್‌ನಲ್ಲೇ ಬಾಗಿಲು ಹಾಕಿತ್ತು. ವೀಸಾ ಇದ್ದದ್ದು ಆ ಕೆಲಸದ ಮೇಲೆ. ಬೇರೆ ಕಂಪನಿ ಬೇಗ ಸೇರಿಸಿಕೊಳ್ಳದಿದ್ದರೆ ನಾವು ದೇಶ ಬಿಡಬೇಕಿತ್ತು. ಉಳಿದಿದ್ದ ಒಂದೇ ಆಸೆ ಈ ಮ್ಯಾನೇಜರ ಕಂಪನಿ.

ಅವರಿಗೆ ವೈನಿನ ಹುಚ್ಚು. ವಾರಾಂತ್ಯವೆಲ್ಲ ಲಿವರ್‌ಮೋರ್‌ನ ದ್ರಾಕ್ಷಿತೋಟಗಳಲ್ಲೇ ಕಳೆಯುತ್ತಾರೆಂದು ಅವರಲ್ಲಿ ಇಂಟರ್‌ವ್ಯೂ ಆದ ದಿನವೇ ಗಂಡನಿಗೆ ತಿಳಿದಿತ್ತು. ಗಂಡ ಪರೀಕ್ಷೆಗೆ ಓದುವವನಂತೆ ವೈನು ಕಲಿಯಲು ಕೂತ. ಅತ್ತೆ ಮಂಡ್ಯದಿಂದ ಬರುವ ಮೊದಲು, ಆಷಾಢದಲ್ಲಿ, ಕೋಳಿ ಸಾರು ಮುದ್ದೆಯ ಜೊತೆ ಲೋಡೈ ಊರಿನ ಜಿನ್‌ಫ್ಯಾಂಡೆಲ್ ಎಂಬ ಕೆಂಪು ವೈನು ಕುಡಿದು ನೋಡಿದೆವು. ಅದರ ಒಗರು ಖಾರಕ್ಕೆ ಸೇರಿ ನಾಲಿಗೆ ಉರಿಯಿತು. ಅದನ್ನು ಹೇಳಿದಾಗ ವೈನಿನ ಅಂಗಡಿಯಾಕೆ ಆಂಡರ್ಸನ್ ಕಣಿವೆಯ ಬಿಳಿ ವೈನು ಕೊಟ್ಟಳು. ಗುಲಾಬಿಯ ವಾಸನೆ, ತುಸು ಸಿಹಿ. ತಣ್ಣಗೆ ಮಾಡಿ ಕುಡಿದರೆ ಖಾರ ತಗ್ಗಿ, ಹುರಿದ ಧನಿಯದ ರುಚಿ ಮೇಲೆ ಬಂತು. ಬಹಳ ದಿನಗಳ ಮೇಲೆ ಇಬ್ಬರೂ ಎರಡನೇ ಸಲ ಬಡಿಸಿಕೊಂಡೆವು. ಅತಿಥಿಗೆಂದು ಗಂಡ ಅದನ್ನೇ ಎರಡು ಬಾಟಲಿ ತಂದ.

ಮ್ಯಾನೇಜರಿಗೆ ಬಿಡುವಿದ್ದದ್ದು ಶನಿವಾರ ಮಾತ್ರ. ಆಗ ಶ್ರಾವಣ, ಅತ್ತೆಗೆ ಶನಿವಾರ ತಿಮ್ಮಪ್ಪನ ದಿನ.

"ದೇವ್ರ ಗೂಡಿರೋ ಮನೇಲಿ ಅದ್ನ ಇಡ್ಬ್ಯಾಡ ಕಣ್ಮಗ," ಎಂದರು. "ಬಂದೋರು ಕುಡೀಲಿ, ಹೊಸ್ಲಿಂದಾಚ್ಗೆ ಕುಡೀಲಿ."

ಬಾಟಲಿಗಳು ಮಂಗಳವಾರದಿಂದ ಕಾರಿನ ಟ್ರಂಕಿನಲ್ಲಿದ್ದವು. ಪಾರ್ಕಿಂಗಿನಲ್ಲಿ ನೆರಳಿರಲಿಲ್ಲ.

ಶನಿವಾರ ಬಾಲ್ಕನಿಯಲ್ಲಿ ಮೇಜು ಹಾಕಿದೆವು. ಒಂದು ಬಾಟಲಿಯನ್ನು ಐಸ್ ತುಂಬಿದ ಬಕೆಟ್ಟಿನಲ್ಲಿಟ್ಟೆವು. ಒಳಗೆ ಬಸ್ಸಾರು ಕುದಿಯುತ್ತಿತ್ತು. ಬಾಟಲಿಯ ಬಿರಡೆ ಟ್ರಂಕಿನ ಬಿಸಿಗೆ ಸ್ವಲ್ಪ ಮೇಲೆದ್ದಿತ್ತು. ಮ್ಯಾನೇಜರು ಗ್ಲಾಸನ್ನು ಬೆಳಕಿಗೆ ಹಿಡಿದರು. ವೈನು ಹಳೆಯ ಜೇನಿನ ಬಣ್ಣಕ್ಕೆ ತಿರುಗಿತ್ತು. ಮೂಸಿ, ಕೆಳಗಿಟ್ಟರು.

"ಎಲ್ಲಿಟ್ಟಿದ್ರಿ ಇದನ್ನ?"

"ಟ್ರಂಕಲ್ಲಿ ಸರ್. ಶ್ರಾವಣ ಅಲ್ವಾ, ಅವ್ವ ಒಳಗೆ ಬಿಡಲ್ಲ."

"ಒಳ್ಳೇ ವೈನನ್ನ ಕಷಾಯ ಕಾಸಿಬಿಟ್ಟಿದೀರಲ್ರೀ," ಎಂದು ಅವರು ನಕ್ಕರು. ಗಂಡನೂ ನಕ್ಕ, ಅವರು ನಿಲ್ಲಿಸಿದ ಮೇಲೂ ನಗುತ್ತಿದ್ದ. ಇನ್ನೊಂದು ಬಾಟಲಿ ತರುತ್ತೇನೆಂದು ಎದ್ದ. ಅದೂ ಅದೇ ಒಲೆಯಲ್ಲಿ ಬೆಂದಿದೆ, ಕೂತುಕೊಳ್ಳಿ ಎಂದರು ಅವರು. ಆಮೇಲೆ ದನಿ ತಗ್ಗಿಸಿದರು.

"ಆ ಪೊಸಿಷನ್ನು ನಿನ್ನೆ ಕ್ಲೋಸ್ ಮಾಡಿದ್ರು. ಫೋನಲ್ಲಿ ಹೇಳೋಕೆ ಮನಸ್ಸಾಗ್ಲಿಲ್ಲ."

ಯಾವ ಟೀಮಾದರೂ ಸರಿ, ಕಾಂಟ್ರಾಕ್ಟಾದರೂ ಸರಿ, ವೀಸಾ ಒಂದು ನಿಮ್ಮ ಕಂಪನಿಯ ಹೆಸರಿಗೆ ಬರೆಸಿಕೊಳ್ಳಿ ಎಂದು ಗಂಡ ಕೇಳಿದ. ಸಂಬಳ ಕಡಿಮೆಯಾದರೂ ಆಗುತ್ತದೆ ಎಂದ. ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದ್ದಾರೆ, ತನ್ನ ಕೆಲಸದ ಭರವಸೆಯೂ ತನಗಿಲ್ಲ ಎಂದರು ಮ್ಯಾನೇಜರು. ಗಂಡ ತನ್ನ ಗ್ಲಾಸನ್ನು ಒಂದೇ ಸಲಕ್ಕೆ ಕುಡಿದು ಮುಗಿಸಿದ. ಬಸ್ಸಾರಿಗೆ ಚೆನ್ನಾಗಿ ಹೊಂದುತ್ತದೆ ಎಂದ. ಬಸ್ಸಾರನ್ನು ಇನ್ನೂ ಬಡಿಸಿರಲಿಲ್ಲ.

ಹೊಸ್ತಿಲ ಒಳಗಿನಿಂದ ಅತ್ತೆ ಕೇಳಿದರು: "ಆಯ್ತೇನ್ಮಗ ಕೆಲ್ಸ?"

"ಮೊದ್ಲು ಬಡ್ಸವ್ವ."

ಮ್ಯಾನೇಜರು ಎರಡು ಮುದ್ದೆ ಉಂಡು, ಮಜ್ಜಿಗೆ ಕುಡಿದು ಹೋದರು. ಅತ್ತೆಯೊಂದಿಗೆ ನಾವಿಬ್ಬರೂ ಬೆಂಗಳೂರಿಗೆ ಟಿಕೆಟ್ ತೆಗೆಸಿದೆವು. ಆಗಸ್ಟ್ ಕೊನೆಯ ವಾರ ಬರ್ಕ್ಲಿಯವರೊಬ್ಬರು ಬಂದು ಕಾರು ಕೊಂಡುಹೋದರು. ಎರಡನೇ ಬಾಟಲಿ ಅದರ ಟ್ರಂಕಿನಲ್ಲೇ ಇತ್ತು.