ಯಾರ ಮನೆಯೂ ಅಲ್ಲದ ಜಾಗದ ಕಾಫಿ

ಕಪ್ಪಿನ ಅಂಚಿಗೆ ಯಾರದೋ ತುಟಿಯ ಕೆಂಪು ಹಾಗೇ ಅಂಟಿತ್ತು. ಮೂಗಿನ ಹತ್ತಿರ ತಂದರೆ ತತ್ತಿಯ ವಾಸನೆ. ಥೂ! ಮುಂಬೈಯ ವಿಮಾನ ನಿಲ್ದಾಣದಲ್ಲಿ, ನೈರೋಬಿಗೆ ಹಾರುವ ಮೊದಲು ಅವಸರದಲ್ಲಿ ಕುಡಿದ ಕಾಫಿ ಅದು. ನಮ್ಮವ್ವ ಆಗಿದ್ದರೆ ಅಂಥ ಕಪ್ ತಿಕ್ಕಲಿಕ್ಕೂ ಹೇಸಿ ತಿಪ್ಪಿಗೆ ಒಗೆಯುತ್ತಿದ್ದಳು.

ಎದುರಿಗೆ ನಮ್ಮಣ್ಣ ಕೂತಿದ್ದ. ನರೇಗಲ್ಲಿನಲ್ಲಿ ಅವನದು ಅರಳೆಯ ದಲಾಲಿ ಮಾಡುವ ಅಡತಿ ಅಂಗಡಿ. ನನ್ನ ಗಂಡ ಆ ಅಂಗಡಿಯಲ್ಲಿ ಕೂರುವುದು ಬೇಡವೆಂದು ಮುಂಬೈಯಲ್ಲಿ ನೌಕರಿ ಹಿಡಿದಾಗ, ಅಣ್ಣ ಓಣಿಯೆಲ್ಲ ಕೇಳುವಂತೆ 'ಇನ್ನ ನಿಮ್ಮನಿ ನೀರ ಮುಟ್ಟಂಗಿಲ್ಲ' ಅಂದಿದ್ದ. ನಮ್ಮ ಕಡೆ ಆ ಮಾತು ಆಡಿದರೆ ಮುಗಿಯಿತು. ಹೆಣ ಹೊರಲಿಕ್ಕೆ ಬಂದಾರು, ನೀರು ಮುಟ್ಟಲಾರರು. ನಾವು ಪರದೇಶಕ್ಕೆ ಹೊರಟೆವೆಂದು ಕೇಳಿ ಮುಂಬೈಗೆ ಬಂದವನು ನಮ್ಮ ಖೋಲಿಯ ಹೊಸ್ತಿಲು ತುಳಿಯಲಿಲ್ಲ. ಧರ್ಮಶಾಲೆಯಲ್ಲಿ ಇಳಿದು ನೆಟ್ಟಗೆ ನಿಲ್ದಾಣಕ್ಕೇ ಬಂದ. ಹೀಗೇ ಹಾರಿಹೋದರೆ ಅಣ್ಣ-ತಂಗಿ ಅನ್ನುವುದು ಇಲ್ಲಿಗೇ ಹರಿಯಿತು ಎಂದು ನನ್ನ ಜೀವ ಕುದಿಯುತ್ತಿತ್ತು.

ನಮ್ಮವರು ಸಾಮಾನು ತೂಗಿಸಲು ಹೋಗಿದ್ದರು. ಸಿಗರೇಟಿನ ಹೊಗೆ, ನೊಣ ಕೂತ ಬ್ರೆಡ್ಡು, ಪಕ್ಕದ ಮೇಜಿನಲ್ಲಿ ತತ್ತಿ ತಿನ್ನುವ ಸಾಹೇಬ, ಎಲ್ಲವನ್ನೂ ಅಣ್ಣ ಮುಖ ಕಿವುಚಿ ನೋಡಿದ.

'ಇದು ಯಾರ ಮನೀನೂ ಅಲ್ಲಲ್ಲ?' ಅಂದ.

'ಅಲ್ಲ' ಅಂದೆ. ಒಂದು ಕಾಫಿ ಹೇಳಿದ.

ಬಂದದ್ದನ್ನು ಬಶಿಗೆ ಅರ್ಧ ಬಗ್ಗಿಸಿಕೊಂಡು ಕಪ್ ನನ್ನ ಮುಂದೆ ಸರಿಸಿದ. ಊರಲ್ಲಿ ಬೇಕಾದವರು ಕೂತರೆ ಹಾಗೇ, ಒಬ್ಬರಿಗೆ ಕಪ್, ಒಬ್ಬರಿಗೆ ಬಶಿ. ಅಂಚಿನ ಕೆಂಪು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬೇರೆ ಕಪ್ ಕೇಳಬಹುದಿತ್ತು, ಆದರೆ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಮನುಷ್ಯ, ಹೇಸಿ ಎದ್ದೇ ಬಿಟ್ಟರೆ? ಅವನಿಗೆ ಕಾಣದಂತೆ ಕೆಂಪನ್ನು ನನ್ನ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು ಗುಟುಕರಿಸಿದೆ. ಅವನು ಸೊರ್ರನೆ ಬಶಿ ಎಳೆದ.

'ಹೊಲಸ ಐತಿ' ಅಂದ. ಆದರೂ ಹನಿ ಉಳಿಸಲಿಲ್ಲ.

ನೈರೋಬಿಯಲ್ಲಿ ಕಾಫಿಗೆ ಕಹಾವಾ ಅನ್ನುತ್ತಾರೆ. ನಮ್ಮ ಕರಿಮಣ್ಣಿನ ಎರಿ ಹೊಲದಲ್ಲಿ ಹತ್ತಿ ಹೇಗೋ ಇಲ್ಲಿಯ ಗುಡ್ಡದಲ್ಲಿ ಕಾಫಿ ಹಾಗೆ. ಮೊದಮೊದಲು ಉಗಾಲಿ, ಅಂದರೆ ಗೋವಿನಜೋಳದ ಮುದ್ದೆ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಾತಾಡಲು ಒಬ್ಬರೂ ಇಲ್ಲದೆ ಗೋಡೆಯ ಜೊತೆ ಕನ್ನಡ ಆಡಿದ್ದೇನೆ. ಈಗ ಜೋಳ ಹುಡುಕಿದ್ದೇನೆ, ರೊಟ್ಟಿ ಮುರಿಯದೆ ಬರುತ್ತದೆ, ನೆರೆಯ ಗುಜರಾತಿಯವರು ಕೇಳಿ ತಿನ್ನುತ್ತಾರೆ. ನನ್ನ ಕಪ್ಪುಗಳು ಥಳಥಳ ಹೊಳೆಯುತ್ತವೆ. ಕೈಯಾರೆ ಕೊಟ್ಟು ಕುಡಿಸಲು ಅಣ್ಣ ಮಾತ್ರ ಇಲ್ಲ.

ಹೋದ ವರ್ಷ ರಜೆಗೆ ಮುಂಬೈಯಲ್ಲಿ ಇಳಿದಾಗ ಅವನು ನಿಲ್ದಾಣದ ಅದೇ ಮೇಜಿನಲ್ಲಿ ಕಾಯುತ್ತಿದ್ದ. ಒಮ್ಮೆ ನೈರೋಬಿಯ ನಮ್ಮ ಮನೆಗೆ ಬಂದುಹೋಗು ಎಂದು ಕೈಹಿಡಿದು ಬೇಡಿದೆ.

'ಆಡಿದ ಮಾತು ಓಣಿ ಕೇಳೇತಿ ತಂಗಿ' ಅಂದ. ಅಂದು, ಒಂದು ಕಾಫಿ ಹೇಳಿದ.

ನರೇಗಲ್ಲಿಗೆ ಹೋದರೆ ನಾನು ಆಫ್ರಿಕಾದವಳು, ನೈರೋಬಿಯಲ್ಲಿ ಇಂಡಿಯಾದವಳು. ತತ್ತಿ ನಾರುವ ಆ ಹೊಲಸು ಮೇಜಿನ ಮುಂದೆ ಮಾತ್ರ ನಾನು ನಮ್ಮಣ್ಣನ ತಂಗಿ.