ಆಸ್ಪತ್ರೆ ಸ್ಟಾಪಿನಲ್ಲಿ ನಿಲ್ಲದ ಬಸ್ಸು

ನನ್ನ ಕಾರಿನ ಬಲಗಡೆ ಸೀಟಿನಲ್ಲಿ ಕೂತಾಗಲೆಲ್ಲ ಅಂಕಲ್‌ರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಸಿಗ್ನಲ್ ಕೆಂಪಾಗುವ ಮೊದಲೇ ಅವರ ಮೊಣಕಾಲು ನೆಟ್ಟಗಾಗುತ್ತಿತ್ತು. ಇಲ್ಲಿ ಅಮೆರಿಕದಲ್ಲಿ ಅದು ಪಕ್ಕದವರ ಸೀಟು, ಇಂಗ್ಲೆಂಡಿನಲ್ಲಿ ಡ್ರೈವರ್ ಕೂರುವುದು ಆ ಪಕ್ಕಕ್ಕೆ. ಲೆಸ್ಟರ್‌ನಲ್ಲಿ ಮೂವತ್ತು ವರ್ಷ ಸಿಟಿ ಬಸ್ ಓಡಿಸಿದ ಕಾಲು ಅದು.

ಮೂಲ ಧಾರವಾಡ. ರಿಟೈರ್ ಆದ ಎಷ್ಟೋ ವರ್ಷಗಳ ನಂತರ ಇಲ್ಲಿ ಯೂಲೆಸ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಬಂದರು. ಆ ಮನೆ ನಮ್ಮ ಎದುರಿಗೇ. ಮಗಳು ಆಸ್ಪತ್ರೆಯ ಕೆಲಸಕ್ಕೆ ಹೋದರೆ ಇವರಿಗೆ ಎಲ್ಲಿಗೂ ಹೋಗುವ ದಾರಿಯಿರಲಿಲ್ಲ. "ಊರು ಅಂದಮ್ಯಾಲೆ ಒಂದು ಬಸ್ ಬ್ಯಾಡೇನು ತಂಗಿ?" ಎನ್ನುತ್ತಿದ್ದರು. ಹಾಗಾಗಿ ಶನಿವಾರದ ದಿನಸಿಗೆ ನನ್ನ ಜೊತೆ ಬರುವುದು ರೂಢಿಯಾಯಿತು.

ಕಾರಿನಲ್ಲಿ ಲೆಸ್ಟರಿನ ಮಾತು. ಚುನಾವಣೆ ಬಂದಾಗ ಓಟು ಕೇಳಲು ಬಂದ ಎಲ್ಲ ಪಕ್ಷದವರನ್ನೂ ಒಳಗೆ ಕರೆದು ಚಹಾ ಕೊಡುತ್ತಿದ್ದರಂತೆ. "ಪಾಪ, ಮಳ್ಯಾಗ ನೆನಕೊಂಡು ಬಂದಿರ್ತಾರ. ಓಟು ಬ್ಯಾರೆ, ಚಾ ಬ್ಯಾರೆ." ಯುರೋಪಿನ ಒಕ್ಕೂಟದಿಂದ ಹೊರಬರಬೇಕೇ ಎಂದು ಸರ್ಕಾರ ಜನರಿಂದ ಓಟು ಹಾಕಿಸಿದ ವರ್ಷ, ಇಪ್ಪತ್ತು ವರ್ಷ ಜೊತೆಗೇ ಬುತ್ತಿ ಬಿಚ್ಚಿದ್ದ ಹಳೆಯ ಡ್ರೈವರ್ ಗೆಳೆಯನೊಬ್ಬ, "ಹೊರಗಿನವರೆಲ್ಲ ಹೋಗ್ಬೇಕು. ನೀನಲ್ಲಪ್ಪ, ಬೇರೆಯವರು" ಎಂದನಂತೆ. "ಆ ಬ್ಯಾರೇದವ್ರು ಯಾರಂತ ನಾ ಕೇಳಬೇಕಿತ್ತು. ಕೇಳಲಿಲ್ಲ. ಬಿಸ್ಕೀಟ್ ತಿನಕೋತ ಕುಂತೆ," ಎಂದು ಅಂಕಲ್ ಕಿಟಕಿಯ ಆಚೆ ನೋಡಿದರು.

ಇಲ್ಲಿಗೆ ಬಂದ ಮೇಲೂ ಅವರಿಗೆ ಅಲ್ಲಿನ ಓಟಿತ್ತು. ಒಂದು ಸಲ ಅಂಚೆ ಮತಪತ್ರ ಚುನಾವಣೆ ಮುಗಿದು ವಾರವಾದ ಮೇಲೆ ಬಂತು. ಆದರೂ ಗುರುತು ಹಾಕಿ, ಲಕೋಟೆ ಅಂಟಿಸಿ, ನನ್ನಿಂದ ಪೋಸ್ಟ್ ಆಫೀಸಿಗೆ ಡ್ರೈವ್ ಮಾಡಿಸಿದರು. "ಎಣಿಕೆ ಮುಗಿದಿದೆ ಅಂಕಲ್," ಎಂದೆ. "ಗೊತ್ತೈತಿ. ಬಂದದ್ದನ್ನ ಹಂಗ ಇಟಗೊಂಡು ಕುಂದರಾಕ ಬರೂದಿಲ್ಲ," ಎಂದರು.

ಆಮೇಲಿನ ಫೆಬ್ರವರಿಯ ಒಂದು ಮಧ್ಯಾಹ್ನ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ನನ್ನ ಗಂಡ ಕುಸಿದುಬಿದ್ದು ತೀರಿಕೊಂಡರು. ನನಗೆ ಏನೂ ಅನ್ನಿಸಲಿಲ್ಲ. ಬಂದವರಿಗೆ ಕಾಫಿ ಮಾಡಿದೆ, ಇನ್ಶೂರೆನ್ಸ್ ಫಾರಂ ತುಂಬಿದೆ, ಮೂರನೇ ವಾರ ಕೆಲಸಕ್ಕೆ ಹೋದೆ. "ಅತ್ತುಬಿಡಿ, ಹಗುರಾಗುತ್ತೆ," ಎಂದರು ಎಲ್ಲರೂ. ಅಂಕಲ್ ಒಬ್ಬರೇ ಹಾಗೆನ್ನಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತಮ್ಮ ಕಥೆ ಹೇಳಿದರು.

"ನಮ್ಮಾಕಿ ಹೋದ ನಾಲ್ಕನೇ ದಿನಕ್ಕ ನಾ ಡ್ಯೂಟಿಗೆ ಹೋದೆ. ಮನ್ಯಾಗ ಕುಂತರ ಏನೂ ಅನಸವಲ್ತು. ಬಸ್ಸಿನ್ಯಾಗಾದ್ರೂ ಅನಸೀತು ಅಂತ ಹೋದೆ. ಆಕಿ ಸತ್ತ ಆಸ್ಪತ್ರೆ ನನ್ನ ರೂಟಿನ್ಯಾಗ ಬರ್ತಿತ್ತು. ಕಡೀ ಸ್ಟಾಪಿಗೆ ಹೋಗಿ ನೋಡಿದ್ರ, ಐದಾರು ಮಂದಿ ಇನ್ನೂ ಕುಂತಾರ. ಆಸ್ಪತ್ರೆ ಸ್ಟಾಪಿಗೆ ನಾ ನಿಲ್ಲಿಸೇ ಇರಲಿಲ್ಲ. ಬೆಲ್ ಹೊಡದಾರ, ನನಗ ಕೇಳಿಲ್ಲ. ಒಬ್ಬಾಕಿ ಮುದುಕಿ ಬಯ್ಯಾಕ ಬಂದಾಕಿ, ನನ್ನ ಮಾರಿ ನೋಡಿ ಸುಮ್ಮನ ಇಳದು ಹಿಂದಕ್ಕ ನಡಕೋತ ಹೋದ್ಲು."

"ಎಷ್ಟು ದಿನ ಹೀಗೇ ಇತ್ತು ಅಂಕಲ್?"

"ನಂದು ಹನ್ನೊಂದು ತಿಂಗಳಾತು. ಆಮ್ಯಾಲೆ ಒಂದಿನ ಹಲ್ಲಿನ ಡಾಕ್ಟರ್ ಕುರ್ಚ್ಯಾಗ ಅತ್ತೆ. ಆತ ಹಲ್ಲು ನೋಯಾಕತ್ತೈತಿ ಅಂತ ಮತ್ತೊಂದು ಇಂಜೆಕ್ಷನ್ ಕೊಟ್ಟ."

ಎಷ್ಟೋ ವಾರಗಳ ನಂತರ ನನಗೆ ನಗು ಬಂದದ್ದು ಆಗಲೇ. ಅವರೂ ನಕ್ಕು, ಲೋಟ ತೊಳೆದಿಟ್ಟು ಹೋದರು.

ಆ ಬೇಸಿಗೆಯಲ್ಲಿ ಅವರ ಮಗಳು ಮಾತಿನ ನಡುವೆ ಅಂದಳು: "ಅಪ್ಪನ್ನ ಕಂಡ್ರ ನನಗ ಇನ್ನೂ ಸಿಟ್ಟು. ಅವ್ವ ಹೋಗಿ ನಾಲ್ಕು ದಿನ ಆಗಿತ್ತು, ಯೂನಿಫಾರ್ಮ್ ಹಾಕ್ಕೊಂಡು ಹೋಗೇಬಿಟ್ರು. ನಾ ಮನ್ಯಾಗ ಒಬ್ಬಾಕೀನೇ. ಆಗ ಹತ್ತೊಂಬತ್ತು ವರ್ಷ ನನಗ." ಆ ಬಸ್ಸಿನ ಕಥೆಯನ್ನು ಆಗಲೇ ಅವಳಿಗೆ ಹೇಳಬಹುದಿತ್ತು. ನನಗೆ ಬಾಯಿ ತೆರೆಯುವುದೇ ದೊಡ್ಡ ಕೆಲಸವಾಗಿದ್ದ ದಿನಗಳು. ಬರೀ ತಲೆಯಾಡಿಸಿದೆ.

ಡಿಸೆಂಬರಿನಲ್ಲಿ ಅಂಕಲ್ ಹೋದರು. ಮೊದಲು ನ್ಯುಮೋನಿಯ ಎಂದರು, ಆಮೇಲೆ ಹೃದಯ ಎಂದರು; ಒಂದೇ ವಾರ. ಅಂತ್ಯಕ್ರಿಯೆ ನಡೆಸಿಕೊಡುವ ಫ್ಯುನೆರಲ್ ಹೋಮಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತಿದ್ದೆ. ಅವಳ ಕಣ್ಣೂ ಒಣಗಿತ್ತು, ನನ್ನದೂ. "ಏನೂ ಅನಸವಲ್ತು ಅಕ್ಕಾ. ನಾನೂ ಅವರಂಗ ಕಲ್ಲು ಅನಸ್ತೈತಿ," ಎಂದಳು.

ಆಗ ಹೇಳಿದೆ: ನಿಲ್ಲದ ಬಸ್ಸು, ಕೇಳಿಸದ ಬೆಲ್ಲು, ಬಯ್ಯದೆ ಇಳಿದುಹೋದ ಮುದುಕಿ. ನನಗೆ ಬೇಕಾದ ಹೊತ್ತಿನಲ್ಲಿ ಅವರು ನನಗೆ ಕೊಟ್ಟದ್ದನ್ನು, ಕೊಡಬೇಕಾದವಳಿಗೆ ತಡವಾಗಿ ತಲುಪಿಸುತ್ತಿದ್ದೇನೆ ಎಂದು ಗೊತ್ತಿತ್ತು. ಅವಳು ಪೂರ್ತಿ ಕೇಳಿದಳು.

"ನನ್ನ ಮುಂದ ಯಾಕ ಹೇಳಲಿಲ್ಲ?" ಎಂದಳು.

ಅಪ್ಪನನ್ನು ಕೇಳಿದಳೋ ನನ್ನನ್ನೋ, ತಿಳಿಯಲಿಲ್ಲ. ಇಬ್ಬರ ಪರವಾಗಿಯೂ ಅವಳ ಕೈ ಹಿಡಿದುಕೊಂಡು ಕೂತೆ.