ಬಡ್ತಿಗೆ ಅಡ್ಡ ನಿಂತ ಗಣಿತ

ಸುರಪುರದ ಪರೀಕ್ಷಾ ಕೇಂದ್ರವೊಂದಕ್ಕೆ ಮೇಲ್ವಿಚಾರಕನಾಗಿ ಹೋಗಿದ್ದೆ. ಗೇಟಿನಲ್ಲಿ ನಕಲು ಚೀಟಿಗಳ ತಪಾಸಣೆಗೆ ನಿಂತಿದ್ದ ಗೃಹರಕ್ಷಕ ಮಲ್ಲಪ್ಪ, ಒಬ್ಬ ಪರೀಕ್ಷಾರ್ಥಿಯನ್ನು ಕಂಡೊಡನೆ ಸೆಲ್ಯೂಟ್ ಹೊಡೆದ. ಬಂದವರು ಅವನ ಸೆಕ್ಷನ್ ಲೀಡರ್, ಐವತ್ತರ ಹತ್ತಿರದವರು. ಹತ್ತನೇ ತರಗತಿ ಪಾಸಾಗದೆ ಪ್ಲಟೂನ್ ಕಮಾಂಡರ್ ಆಗುವಂತಿಲ್ಲ ಎಂಬ ನಿಯಮ ಅವರ ಬಡ್ತಿಯನ್ನು ವರ್ಷಗಟ್ಟಲೆ ತಡೆದಿತ್ತು. ಉಳಿದದ್ದು ಗಣಿತವೊಂದೇ.

"ಒಳಗ ಹೋಗ್ರಿ ಸಾಹೇಬ್ರ," ಎಂದ ಮಲ್ಲಪ್ಪ.

"ಜೇಬು ಯಾರ್ ನೋಡ್ತಾರ, ನಿಮ್ಮಪ್ಪನೇನು?" ಸಾಹೇಬರು ಗದರಿದರು.

ಮಲ್ಲಪ್ಪ ನಾಚುತ್ತ ಜೇಬು ಮುಟ್ಟಿದ.

"ಕಾಲುಚೀಲ ಬಿಟ್ಟಿ! ನಾ ಹಿಂಗ ಕಲಿಸೀನೇನಲೇ?"

ಸಾಹೇಬರು ಅಲ್ಲೇ ಬೂಟು ಬಿಚ್ಚಿದರು. ಮಲ್ಲಪ್ಪ ಮೂಗು ಹಿಡಿದುಕೊಂಡೇ ಕಾಲುಚೀಲ ಜಾಡಿಸಿದ. ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಸಾಹೇಬರೂ ನಕ್ಕು ಒಳಗೆ ಹೋದರು.

"ಪೇಪರ್ ಸಸಾರ ಅದೇನ್ರಿ ಸರ?" ಮಲ್ಲಪ್ಪ ನನ್ನನ್ನು ಕೇಳಿದ. ಬರೆಯುವವರಿಗಿಂತ ಅವನೇ ಹೆಚ್ಚು ಬೆವರಿದ್ದ. ಪ್ರಶ್ನೆಪತ್ರಿಕೆಯ ಕಟ್ಟು ಇನ್ನೂ ಒಡೆದಿಲ್ಲ ಎಂದೆ.

ಫಲಿತಾಂಶ ಬಂದ ಮೇಲೆ ಒಂದು ದಿನ, ರಂಗಂಪೇಟೆಯಲ್ಲಿ ಯಾರೋ ಸೀಟಿ ಊದಿ ನಮ್ಮ ಬಸ್ಸು ನಿಲ್ಲಿಸಿದರು. ನೋಡಿದರೆ ಸಂಚಾರ ನಿಯಂತ್ರಣಕ್ಕೆ ನಿಂತಿದ್ದ ಮಲ್ಲಪ್ಪ. ನೇರ ನನ್ನ ಕಿಟಕಿಗೇ ಬಂದ.

"ಸರ, ಸಾಹೇಬ್ರು ಪಾಸಾದ್ರು! ಕಮಾಂಡರ್ ಆಗ್ಯಾರ!"

"ಇಷ್ಟಕ್ಕ ಬಸ್ ನಿಲ್ಲಿಸೀಯೇನಪಾ?" ಡ್ರೈವರ್ ಗದರಿದ.

"ಮುಂದಿನ ಗಾಡಿ ಸರದ್ರಽ ಹಿಂದಿಂದು ಹೋಗೂದ್ರಿ. ಅವ್ರ ಜಾಗಾ ಈಗ ನನಗ ಬಂದದ!"

ನಮ್ಮ ಬಸ್ಸಿನ ಹಿಂದೆ ಸಾಲುಗಟ್ಟಿದ್ದ ಲಾರಿ, ಟಂಟಂ ಆಟೋಗಳೂ ಆಗಿನಿಂದ ಅದೇ ಮಾತನ್ನು ಹಾರ್ನಿನಲ್ಲಿ ಹೇಳುತ್ತಿದ್ದವು.